ಮಳೆಗಾಲದ ಸಿಂಹಸ್ಥಕ್ಕೆ ಹೊರಡುವವರ ಕಾಲಿಗೆ: ಕನ್ನಡ ಯಾತ್ರಿಕರಿಗೊಂದು ಬಹಿರಂಗ ಪತ್ರ

ನಾಸಿಕದ ಕುಂಭಮೇಳಕ್ಕೆ ಹೆಸರು ಬರೆಸುತ್ತಿರುವ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ, ಬೀದರ ಕಡೆಯ ಹಿರಿಯರೇ, ಅಕ್ಕಂದಿರೇ, ಬಸ್ಸು ಗೊತ್ತುಮಾಡಿ ಊರವರನ್ನು ಕರೆತರುವ ಯಾತ್ರಾ ಸಂಘಟಕರೇ,



ಸಿಂಹಸ್ಥ ಎನ್ನುವ ಈ ಕುಂಭದ ಅಮೃತ ಸ್ನಾನದ ದಿನಗಳು ಗೊತ್ತಾಗಿವೆ. 2027ರ ಆಗಸ್ಟ್ 2, ಆಗಸ್ಟ್ 31, ಆಮೇಲೆ ನಾಸಿಕದಲ್ಲಿ ಸೆಪ್ಟೆಂಬರ್ 11, ತ್ರ್ಯಂಬಕದಲ್ಲಿ ಸೆಪ್ಟೆಂಬರ್ 12. ಎಲ್ಲವೂ ಮಳೆಗಾಲದ ದಿನಗಳೇ. ಪ್ರಯಾಗದ ಕುಂಭ ಚಳಿಗಾಲದಲ್ಲಿ, ಮರಳ ದಂಡೆಯ ಮೇಲೆ ನಡೆಯುತ್ತದೆ. ಹರಿದ್ವಾರ, ಉಜ್ಜಯಿನಿಗಳಲ್ಲಿ ಬಿಸಿಲು ಏರುವ ಹೊತ್ತು. ಗೋದಾವರಿಯದು ಮಾತ್ರ ಸುರಿಯುವ ಮಳೆಯಲ್ಲಿ, ಕಲ್ಲಿನ ಮೆಟ್ಟಿಲುಗಳ ಮೇಲೆ. ಬೇರೆ ಕುಂಭಗಳಿಗೆ ಹೋಗಿ ಬಂದವರು ಹೇಳಿದ್ದನ್ನು ಕೇಳಿ ಸ್ವೆಟರು, ಶಾಲು, ಗ್ಲೂಕೋಸಿನ ಪೊಟ್ಟಣ ಎಲ್ಲ ಜೋಡಿಸಿಕೊಳ್ಳುತ್ತೀರಿ. ಕಾಲಿಗೆ ಏನು ಹಾಕಿಕೊಳ್ಳಬೇಕು ಎಂಬುದನ್ನು ಹೊರಡುವ ದಿನ ಬೆಳಿಗ್ಗೆ ಬಾಗಿಲ ಹತ್ತಿರ ನಿಂತು ತೀರ್ಮಾನಿಸುತ್ತೀರಿ. ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ತೀರ್ಮಾನಕ್ಕಾಗಿ.

ನೌಕರಿಯ ನೆಪದಲ್ಲಿ ನಾಸಿಕಕ್ಕೆ ಬಂದು ಇಲ್ಲೇ ಉಳಿದವನು ನಾನು. ಮಳೆಗಾಲ ಬಂತೆಂದರೆ ಊರ ಕಡೆಯಿಂದ ಫೋನು ಬರುತ್ತದೆ. ತ್ರ್ಯಂಬಕೇಶ್ವರ, ಪಂಚವಟಿ, ಶಿರಡಿ, ಶನಿ ಶಿಂಗಣಾಪುರ, ಆಮೇಲೆ ಛತ್ರಪತಿ ಸಂಭಾಜಿನಗರದ ಕಡೆ ಹೊರಳಿ ಘೃಷ್ಣೇಶ್ವರ, ವೇರೂಳದ (ಎಲ್ಲೋರದ) ಗುಹೆಗಳು, ದೇವಗಿರಿ ಕೋಟೆ. ಸಾಲು ಬಹುತೇಕ ಇದೇ. ಬಂದವರಲ್ಲಿ ಜ್ವರ ಬಂದು ಮಲಗಿದವರನ್ನು ನೋಡಿದ್ದು ಕಡಿಮೆ. ಜಾರಿ ಬಿದ್ದು ಕೈಗೋ ಸೊಂಟಕ್ಕೋ ಪೆಟ್ಟು ಮಾಡಿಕೊಂಡು, ಉಳಿದ ಕ್ಷೇತ್ರಗಳನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಊರಿಗೆ ಮರಳಿದವರನ್ನು ಮಾತ್ರ ಬಹಳ ನೋಡಿದ್ದೇನೆ.

ಮೊದಲು ಇಲ್ಲಿನ ಕಲ್ಲಿನ ಮಾತು. ಶ್ರವಣಬೆಳಗೊಳದ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿಳಿದವರು, ಆನೆಗೊಂದಿಯ ಅಂಜನಾದ್ರಿಯ 575 ಮೆಟ್ಟಿಲು ಏರಿದವರು ನಿಮ್ಮಲ್ಲಿ ಎಷ್ಟೋ ಜನ ಇದ್ದೀರಿ. ಆ ಧೈರ್ಯದಲ್ಲೇ ಇಲ್ಲಿಗೂ ಬರುತ್ತೀರಿ. ಆದರೆ ಅಲ್ಲಿನದು ಗ್ರಾನೈಟು. ಅದರ ಹರಳುಗಳು ದಪ್ಪ, ಗಾಳಿಮಳೆಗೆ ಸವೆದಷ್ಟೂ ಮೈ ತರಿತರಿಯಾಗುತ್ತದೆ, ಪಾದಕ್ಕೆ ಹಿಡಿತ ಸಿಗುತ್ತದೆ. ನಾಸಿಕ, ಸಂಭಾಜಿನಗರಗಳದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಸೀಳಿ ಹರಿದ ಲಾವಾ ತಣ್ಣಗಾಗಿ ಆದ ಕರಿಕಲ್ಲು, ಬಸಾಲ್ಟು. ಅದರ ಹರಳು ಕಣ್ಣಿಗೆ ಕಾಣದಷ್ಟು ಸಣ್ಣದು. ನೂರಾರು ವರ್ಷ ಜನರ ಕಾಲು ತಿಕ್ಕಿದ ಮೆಟ್ಟಿಲ ನಡುಭಾಗ ನುಣುಪಾಗಿ ಹೊಳೆಯುತ್ತದೆ. ಕಾಲು ಬೀಳದ ಅಂಚಿನಲ್ಲಿ, ಗೋಡೆಯ ಬುಡದಲ್ಲಿ ಪಾಚಿ ಕಟ್ಟುತ್ತದೆ. ನಡುವೆ ನಡೆದರೆ ನುಣುಪು, ಬದಿಗೆ ಸರಿದರೆ ಹಸಿರು. ಕಲ್ಲಿನ ಬಣ್ಣ ಕಪ್ಪಾದ್ದರಿಂದ ತೆಳು ಪಾಚಿ ಕಣ್ಣಿಗೆ ಬೀಳುವುದೇ ಇಲ್ಲ.

ಮಳೆಯ ಲೆಕ್ಕವೂ ಮೋಸ ಮಾಡುತ್ತದೆ. ನಾಸಿಕ ನಗರದಲ್ಲಿ ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ, ನಮ್ಮ ಧಾರವಾಡಕ್ಕಿಂತ ಹೆಚ್ಚೇನಲ್ಲ. ಅಲ್ಲಿಂದ ಮೂವತ್ತು ಕಿ.ಮೀ. ಒಳಗಿರುವ ತ್ರ್ಯಂಬಕ ಸಹ್ಯಾದ್ರಿಯ ಮಡಿಲಲ್ಲಿದೆ. ಇನ್ನೂ ಆಚೆಯ ಇಗತ್‌ಪುರಿಯಲ್ಲಿ 3,000 ಮಿ.ಮೀ. ದಾಟುತ್ತದೆ. ನಾಸಿಕದ ಲಾಡ್ಜಿನಲ್ಲಿ ಬಿಸಿಲು ನೋಡಿ ಹೊರಟವರು ಒಂದು ತಾಸಿನೊಳಗೆ ಮೋಡದೊಳಗೆ ನಿಂತಿರುತ್ತಾರೆ.

ಕಾಲು ಯಾಕೆ ಜಾರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಚಪ್ಪಲಿ ಆರಿಸುವ ಬುದ್ಧಿ ಅಲ್ಲೇ ಇದೆ. ಹೆಜ್ಜೆ ಇಟ್ಟ ಕ್ಷಣ ಚಪ್ಪಲಿಯ ಸೋಲಿಗೂ ಕಲ್ಲಿಗೂ ನಡುವೆ ನೀರಿನ ತೆಳು ಪೊರೆ ಸಿಕ್ಕಿಕೊಳ್ಳುತ್ತದೆ. ಆ ನೀರು ಪಕ್ಕಕ್ಕೆ ಹರಿದುಹೋಗಿ ರಬ್ಬರು ಕಲ್ಲನ್ನು ಮುಟ್ಟಿದರೆ ಕಾಲು ನಿಲ್ಲುತ್ತದೆ. ನೀರು ಅಲ್ಲೇ ಉಳಿದರೆ ನಾವು ನೀರಿನ ಮೇಲೆ ನಿಂತಂತೆ. ಸೋಲಿನ ತಳದಲ್ಲಿ ಗೀರು, ತೋಡು ಮಾಡುವುದು ನೀರಿಗೆ ದಾರಿ ಕೊಡಲಿಕ್ಕೆ. ಪಾಚಿ ಇದ್ದಲ್ಲಿ ನೀರಿನ ಜೊತೆಗೆ ಲೋಳೆಯೂ ಸೇರುತ್ತದೆ, ಲೋಳೆ ಗೀರಿನಲ್ಲಿ ಹರಿದುಹೋಗುವುದಿಲ್ಲ. ಸಮನೆಲದ ಮೇಲೆ ಸಹಜವಾಗಿ ನಡೆಯಲು 0.2ರ ಸುಮಾರು ಘರ್ಷಣಾಂಕ ಬೇಕು. ಒಣ ಕಲ್ಲಿನ ಮೇಲೆ ಒಳ್ಳೆಯ ರಬ್ಬರು ಅದರ ಮೂರು ಪಟ್ಟು ಕೊಡುತ್ತದೆ. ಕರಗುತ್ತಿರುವ ಮಂಜುಗಡ್ಡೆಯ ಮೇಲೆ ಅದೇ ರಬ್ಬರು 0.1ಕ್ಕಿಂತ ಕೆಳಗಿಳಿಯುತ್ತದೆ. ಹಸಿ ಪಾಚಿಯ ಕಲ್ಲು ಮಂಜುಗಡ್ಡೆಯ ನೆರೆಮನೆಯಲ್ಲೇ ಇದೆ ಎಂದು ತಿಳಿದು ನಡೆಯಿರಿ.

ಮಂಜುಗಡ್ಡೆಯ ಮಾತು ತೆಗೆದದ್ದಕ್ಕೆ ಇನ್ನೊಂದು ಕಾರಣವಿದೆ. ನಿಮ್ಮ ಮಕ್ಕಳು ಕೆನಡಾದಲ್ಲಿ, ಅಮೆರಿಕದ ಉತ್ತರದಲ್ಲಿ ಇದ್ದಾರೆ. ಅಲ್ಲಿ ಚಳಿಗಾಲದಲ್ಲಿ ಫುಟ್‌ಪಾತಿನ ಮಂಜಿನ ಮೇಲೆ ನಡೆಯಲು ಬೂಟಿನ ತಳಕ್ಕೆ ಎಳೆದು ಸಿಕ್ಕಿಸುವ ರಬ್ಬರ್ ಪಟ್ಟಿ ಸಿಗುತ್ತದೆ, ಅದರಲ್ಲಿ ಲೋಹದ ಸಣ್ಣ ಮುಳ್ಳುಗಳಿರುತ್ತವೆ. ಅಪ್ಪ-ಅಮ್ಮ ಬೆಟ್ಟ ಹತ್ತುತ್ತಾರೆಂದು ಪ್ರೀತಿಯಿಂದ ಅದನ್ನು ಕಳಿಸಿಕೊಟ್ಟ ಮಕ್ಕಳಿದ್ದಾರೆ. ದಯವಿಟ್ಟು ಅದನ್ನು ಇಲ್ಲಿ ಹಾಕಬೇಡಿ. ಮುಳ್ಳು ಮಂಜಿನೊಳಗೆ ಚುಚ್ಚಿಕೊಳ್ಳುತ್ತದೆ, ಆ ಕಾರಣಕ್ಕೇ ಕಾಲು ನಿಲ್ಲುತ್ತದೆ. ಬಸಾಲ್ಟಿನೊಳಗೆ ಯಾವ ಮುಳ್ಳೂ ಇಳಿಯದು. ಕಲ್ಲಿನ ಮೇಲೆ ನಾಲ್ಕು ಲೋಹದ ತುದಿಗಳ ಮೇಲೆ ನಿಂತ ಹಾಗಾಗುತ್ತದೆ, ಹಿಮ್ಮಡಿ ಊರುವ ಮೊದಲೇ ಕಾಲು ಮುಂದಕ್ಕೆ ಓಡುತ್ತದೆ. ಗುಹೆಗಳ, ದೇವಸ್ಥಾನಗಳ ಹಳೆಯ ಕಲ್ಲಿಗೂ ಗೀರು ಬೀಳುತ್ತದೆ.

ಕೆನಡಾದವರಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ. ಟೊರಾಂಟೊದ ಪುನರ್ವಸತಿ ಸಂಶೋಧನಾ ಸಂಸ್ಥೆಯವರು ಪ್ರಯೋಗಾಲಯದೊಳಗೆ ನಿಜವಾದ ಮಂಜಿನ ನೆಲ ಮಾಡಿ, ಬೀಳದಂತೆ ಸೊಂಟಕ್ಕೆ ಪಟ್ಟಿ ಕಟ್ಟಿದ ಜನರನ್ನು ಅದರ ಮೇಲೆ ನಡೆಸಿ, ನೆಲವನ್ನು ಇಷ್ಟಿಷ್ಟೇ ಓರೆ ಮಾಡುತ್ತ ಹೋದರು. ಅಂಗಡಿಯಲ್ಲಿ ಚಳಿಗಾಲದ ಬೂಟು ಎಂದೇ ಮಾರುವ ಜೋಡಿಗಳಲ್ಲಿ ಬಹುಪಾಲು ಕನಿಷ್ಠ ಮಟ್ಟವನ್ನೂ ಮುಟ್ಟಲಿಲ್ಲ. 2016ರಲ್ಲಿ ಆ ಫಲಿತಾಂಶ ಹೊರಬಂದಾಗ ಅಲ್ಲಿನವರಿಗೇ ಆಶ್ಚರ್ಯವಾಯಿತು. ದುಬಾರಿ ಬೂಟು, ದಪ್ಪ ಬೂಟು, ಬೆಟ್ಟದ ಚಿತ್ರ ಅಂಟಿಸಿದ ಬೂಟು ಎಂದಮಾತ್ರಕ್ಕೆ ಹಿಡಿತ ಇರುತ್ತದೆ ಎಂದಿಲ್ಲ. ನೋಡಬೇಕಾದದ್ದು ತಳವನ್ನು.

ಹಾಗಾದರೆ ತಳದಲ್ಲಿ ಏನು ನೋಡಬೇಕು? ಎಲ್ಲಕ್ಕಿಂತ ಮೊದಲು ಅದು ರಬ್ಬರೇ ಹೌದೋ ಎಂದು. ಇವತ್ತು ಅಂಗಡಿಯಲ್ಲಿರುವ ಹಗುರ ಚಪ್ಪಲಿ, ಸ್ಪೋರ್ಟ್ಸ್ ಶೂಗಳಲ್ಲಿ ಎಷ್ಟೋ ಜೋಡಿಗಳ ತಳ ಇ.ವಿ.ಎ. ಎಂಬ ಫೋಮಿನದು, ಇಲ್ಲವೇ ಪಿ.ವಿ.ಸಿ. ಪ್ಲಾಸ್ಟಿಕ್ಕಿನದು. ಫೋಮು ಕಾಲಿಗೆ ಮೆತ್ತಗೆ, ಮನೆಯೊಳಗೆ ಬಲು ಹಿತ. ಹಸಿ ಕಲ್ಲಿನ ಮೇಲೆ ಅದಕ್ಕೆ ಹಿಡಿತವಿಲ್ಲ, ಬೇಗ ಸವೆದು ನುಣ್ಣಗೂ ಆಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕು ಇನ್ನೂ ಕೆಟ್ಟದ್ದು. ತಳಕ್ಕೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಸ್ವಲ್ಪ ತಗ್ಗು ಬಿದ್ದು, ಕೈ ತೆಗೆದಾಗ ಮೊದಲಿನಂತಾಗಬೇಕು. ಉಗುರೇ ಜಾರಿದರೆ ಆ ಜೋಡಿ ಕೆಳಗಿಡಿ. ಒತ್ತಿದ ಗುರುತು ಹಾಗೇ ಉಳಿದರೆ ಅದು ಫೋಮು. ಆಮೇಲೆ ಜೋಡಿಯನ್ನು ಕೈಯಲ್ಲಿ ಎತ್ತಿ ತೂಕ ನೋಡಿ. ರಬ್ಬರು ತೂಗುತ್ತದೆ. ಹೂವಿನಷ್ಟು ಹಗುರ ಎಂದು ಅಂಗಡಿಯವರು ಹೊಗಳಿದರೆ ಅದು ಈ ಯಾತ್ರೆಗೆ ಬೇಡ.

ಎರಡನೆಯದು ಗೀರುಗಳ ಆಳ. ಇಲ್ಲಿ ಜನ ತಪ್ಪು ತಿಳಿಯುತ್ತಾರೆ. ದೊಡ್ಡ ದೊಡ್ಡ ಗುಬಟುಗಳಿರುವ ಟ್ರೆಕ್ಕಿಂಗ್ ಬೂಟೇ ಎಲ್ಲದಕ್ಕೂ ಉತ್ತಮ ಎಂಬ ನಂಬಿಕೆ ಇದೆ. ಆ ವಿನ್ಯಾಸಕ್ಕೆ ದೊಡ್ಡ ಇತಿಹಾಸವೂ ಇದೆ. 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ತನ್ನ ಆರು ಜನ ಸಂಗಡಿಗರನ್ನು ಕಳೆದುಕೊಂಡ ವಿತಾಲೆ ಬ್ರಮಾನಿ ಎಂಬ ಇಟಲಿಯ ಪರ್ವತಾರೋಹಿ, ಅವರ ಕಾಲಲ್ಲಿದ್ದ ಬೂಟು ಸರಿಯಿರಲಿಲ್ಲ ಎಂಬ ಸಂಕಟದಿಂದ ರಬ್ಬರಿನ ಗುಬಟು ತಳವನ್ನು ರೂಪಿಸಿದ, 1937ರಲ್ಲಿ ಪೇಟೆಂಟ್ ಪಡೆದ. ವಿಬ್ರಮ್ ಎಂಬ ಹೆಸರು ಅವನದೇ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. ಆ ಆಳದ ಗುಬಟು ಕೆಸರಿಗೆ, ಹುಲ್ಲಿಗೆ, ಸಡಿಲ ಮಣ್ಣಿಗೆ ಬೇಕೇ ಬೇಕು. ನುಣುಪು ಹಾಸುಗಲ್ಲಿನ ಮೇಲೆ ಮಾತ್ರ, ಗುಬಟುಗಳ ತುದಿಯಷ್ಟೇ ನೆಲ ಮುಟ್ಟುತ್ತದೆ. ರಬ್ಬರು ಗಟ್ಟಿಯಾಗಿದ್ದರಂತೂ ಜಾರುವುದು ಖಂಡಿತ. ಯಾತ್ರೆಯ ಮೆಟ್ಟಿಲು, ಘಾಟು, ಗುಹೆಯ ಅಂಗಳಕ್ಕೆ ಬೇಕಾದದ್ದು ಮೆತ್ತನೆಯ ರಬ್ಬರು, ಅಗಲವಾಗಿ ನೆಲ ಕಚ್ಚುವ ತಳ, ಅದರಲ್ಲಿ ಚೂಪು ಅಂಚಿನ ಸಣ್ಣ ಸಣ್ಣ ಗೀರು. ಗೀರುಗಳು ಸೋಲಿನ ಪಕ್ಕದವರೆಗೂ ಹೋಗಿ ತೆರೆದುಕೊಂಡಿರಬೇಕು. ಮಧ್ಯದಲ್ಲೇ ಮುಚ್ಚಿಕೊಂಡ ವಿನ್ಯಾಸ ನೋಡಲು ಚಂದ, ನೀರು ಹೊರಗೆ ಹೋಗಲು ದಾರಿಯಿಲ್ಲ.

ಕಾರ್ಖಾನೆಯವರ ಸೇಫ್ಟಿ ಶೂ ಮನೆಯಲ್ಲಿದ್ದರೆ ಅದರ ಮೇಲೆ ಎಸ್‌ಆರ್‌ಎ, ಎಸ್‌ಆರ್‌ಸಿ ಎಂಬ ಗುರುತು ಇರಬಹುದು. ಐ.ಎಸ್.ಒ. 13287 ಎಂಬ ವಿಧಾನದಲ್ಲಿ ಜಾರುವಿಕೆಯನ್ನು ಪರೀಕ್ಷಿಸಿದ ಗುರುತು ಅದು. ಎಸ್‌ಆರ್‌ಎ ಎಂದರೆ ಸಾಬೂನು ನೀರಿನ ಟೈಲ್ಸಿನ ಮೇಲೆ, ಎಸ್‌ಆರ್‌ಸಿ ಎಂದರೆ ಅದರ ಜೊತೆಗೆ ಗ್ಲಿಸರಿನ್ ಹಚ್ಚಿದ ಉಕ್ಕಿನ ಮೇಲೂ. ಗುರುತೇ ಇಲ್ಲದ್ದಕ್ಕಿಂತ ಇದ್ದದ್ದು ಮೇಲು. ಆದರೆ ಪಾಚಿಗಟ್ಟಿದ ಬಸಾಲ್ಟಿನ ಮೇಲೆ ಯಾರೂ ಅದನ್ನು ಪರೀಕ್ಷಿಸಿಲ್ಲ. ಆ ಪರೀಕ್ಷೆ ನೀವೇ ಮಾಡಬೇಕು, ನಿಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೇ ಅದಕ್ಕೆ ಸಾಕು. ಕಲ್ಲಿಗೆ ನೀರು ಸುರಿದು, ಪಕ್ಕದ ಗೋಡೆಯನ್ನೋ ಮನೆಯವರ ಕೈಯನ್ನೋ ಹಿಡಿದು, ಹೊಸ ಜೋಡಿ ಹಾಕಿ ನಿಂತು, ಹಿಮ್ಮಡಿಯನ್ನು ಮುಂದಕ್ಕೆ ತಳ್ಳಿ ನೋಡಿ. ರಬ್ಬರು ಕಿರ್ರೆಂದು ತಡೆದು ನಿಂತರೆ ಒಳ್ಳೆಯದು. ಸದ್ದಿಲ್ಲದೆ ಸರಿದರೆ ಅದೇ ನಿಮಗೆ ಎಚ್ಚರಿಕೆ.

ಹಿಮ್ಮಡಿ ಎಂದೆನಲ್ಲ, ಮೂರನೆಯ ಮಾತೂ ಅದೇ, ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ. ಇಳಿಯುವಾಗ ನೆಲಕ್ಕೆ ಮೊದಲು ತಾಕುವುದು ಹಿಮ್ಮಡಿಯ ಹಿಂತುದಿ. ದಿನವೂ ಹಾಕುವ ಚಪ್ಪಲಿ ಮೊದಲು ಸವೆಯುವುದೂ ಅಲ್ಲೇ. ಒಮ್ಮೆ ತ್ರ್ಯಂಬಕದ ಕುಶಾವರ್ತ ಕುಂಡದ ಹೊರಗೆ, ಮಳೆ ನಿಂತ ಸ್ವಲ್ಪ ಹೊತ್ತಿಗೆ, ನಮ್ಮ ಕಡೆಯ ಒಬ್ಬ ತಾಯಿ ಮೂರು ಮೆಟ್ಟಿಲ ಮೇಲಿಂದ ಜಾರಿ ಕೂತುಬಿಟ್ಟರು. ಊರಿದ ಬಲಗೈ ಮಣಿಕಟ್ಟು ಆಗಲೇ ಬಾತುಕೊಂಡಿತ್ತು. ಅವರನ್ನು ಎಬ್ಬಿಸಿ ಕಟ್ಟೆಗೆ ಕೂರಿಸಿದ ಮೇಲೆ ನಾನು ಅವರ ಚಪ್ಪಲಿಯನ್ನು ತಿರುಗಿಸಿ ನೋಡಿದೆ. ಮುಂಭಾಗದ ಗೀರುಗಳೆಲ್ಲ ಹೊಸದರಂತೆ ಇದ್ದವು. ಹಿಮ್ಮಡಿಯ ಹೊರಮೂಲೆಯಲ್ಲಿ ಮಾತ್ರ ರೂಪಾಯಿ ನಾಣ್ಯದಷ್ಟು ಜಾಗ ಕನ್ನಡಿಯಾಗಿತ್ತು, ಅದರ ಮೇಲೆ ಪಾಚಿಯ ಹಸಿರು ಗೆರೆ ಉದ್ದಕ್ಕೆ ಎಳೆದುಕೊಂಡು ಹೋಗಿತ್ತು. "ಹೊಸಾವೇ ಅದಾವ್ರೀ, ಯುಗಾದಿಗೆ ತಗೊಂಡಿದ್ದು" ಎಂದು ಅವರು ನೋವಿನಲ್ಲೂ ಹೇಳುತ್ತಿದ್ದರು. ಅವರು ಹೇಳಿದ್ದು ನಿಜವೇ.

ಎಷ್ಟು ಸವೆದರೆ ಬಿಡಬೇಕು ಎಂಬುದಕ್ಕೆ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಸುಲಭದ ಅಳತೆ ಕೊಟ್ಟಿದ್ದಾರೆ. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ ತೆಗೆದುಕೊಂಡು ಅದರ ತಳವನ್ನು ಸೋಲಿನ ನುಣ್ಣಗಾದ ಜಾಗದ ಮೇಲೆ ಇಡಿ. ನುಣುಪು ಸೆಲ್ಲಿನ ತಳಕ್ಕಿಂತ ದೊಡ್ಡದಾಗಿದ್ದರೆ ಆ ಜೋಡಿ ಒದ್ದೆ ನೆಲಕ್ಕೆ ಯೋಗ್ಯವಲ್ಲ. ಬೀದಿ ಕೊನೆಯ ಚಪ್ಪಲಿ ರಿಪೇರಿಯವರು ಒಳ್ಳೆಯ ರಬ್ಬರ್ ಶೀಟು ಕತ್ತರಿಸಿ ಹಿಮ್ಮಡಿಗೆ ಅಂಟಿಸಿ ಹೊಲಿದುಕೊಡುತ್ತಾರೆ, ಹೊಸದು ಕೊಳ್ಳಲೇಬೇಕೆಂದಿಲ್ಲ. ಹೊಲಿಗೆ ಹಾಕಿಸುವುದನ್ನು ಮಾತ್ರ ಮರೆಯಬೇಡಿ. ಬರಿ ಅಂಟು ಎರಡು ದಿನದ ಮಳೆಗೆ ಬಿಟ್ಟುಕೊಳ್ಳುತ್ತದೆ.

ಅಟ್ಟದ ಮೇಲೆ ಜೋಪಾನವಾಗಿ ಇಟ್ಟ ಹಳೆಯ ಶೂ ಬಗ್ಗೆಯೂ ಒಂದು ಮಾತು. ಪಿ.ಯು. ತಳದ ಬೂಟುಗಳು ಹಾಕದೆ ಇಟ್ಟರೂ ಹಾಳಾಗುತ್ತವೆ. ಗಾಳಿಯ ತೇವ ವರ್ಷಗಟ್ಟಲೆ ಒಳಗೊಳಗೇ ಅದನ್ನು ತಿನ್ನುತ್ತದೆ. ಮೇಲೆ ಹೊಚ್ಚಹೊಸದು, ಒಳಗೆ ಪುಡಿ. ಮಗನ ಮದುವೆಗೆ ಕೊಂಡು ಎತ್ತಿಟ್ಟದ್ದನ್ನು ಯಾತ್ರೆಗೆಂದು ತೆಗೆದು, ತ್ರ್ಯಂಬಕದ ಬ್ರಹ್ಮಗಿರಿ ಬೆಟ್ಟದ ಮೇಲಿನ ಗಂಗಾದ್ವಾರದ ಅರ್ಧ ದಾರಿಯಲ್ಲಿ ತಳವೇ ಕಳಚಿ ಕೈಯಲ್ಲಿ ಹಿಡಿದು ನಿಂತವರನ್ನು ಕಂಡಿದ್ದೇನೆ. ಹೊರಡುವ ಮೊದಲು ಸೋಲನ್ನು ಎರಡೂ ಕೈಯಿಂದ ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೂ ನಂಬಬೇಡಿ.

ಕೊಲ್ಹಾಪುರಿ ಚಪ್ಪಲಿಯ ಮಾತು ಬರೆಯುವಾಗ ನನಗೇ ಕಷ್ಟವಾಗುತ್ತದೆ. ಅದು ಮಹಾರಾಷ್ಟ್ರದ್ದಷ್ಟೇ ಅಲ್ಲ, ನಮ್ಮದೂ ಹೌದು. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚ್ಯಂಕದಲ್ಲಿ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಇವೆ. ಅಥಣಿ, ನಿಪ್ಪಾಣಿ ಕಡೆಯ ಕೈಗಳು ಹೊಲಿದ ಜೋಡಿಗೆ ಸಾಟಿ ಇಲ್ಲ. ಎರೆಹೊಲದ ಒಣ ದಾರಿಗೆ, ಜಾತ್ರೆಗೆ, ಮದುವೆಗೆ ಅದೇ ಸರಿ. ಆದರೆ ಅದರ ತಳ ಚರ್ಮ. ಹಸಿ ಚರ್ಮ ಹಸಿ ಕಲ್ಲಿನ ಮೇಲೆ ನಿಲ್ಲುವುದಿಲ್ಲ, ಜೊತೆಗೆ ನೀರು ಕುಡಿದು ಚಪ್ಪಲಿಯೂ ಕೆಡುತ್ತದೆ. ಅದನ್ನು ಊರಲ್ಲಿ ಬಿಟ್ಟು ಬನ್ನಿ. ಹೊಲಗೆಲಸದವರು ಹಾಕುವ ಟಯರ್ ಚಪ್ಪಲಿ ಅದಕ್ಕಿಂತ ಎಷ್ಟೋ ವಾಸಿ, ಗೀರು ಇನ್ನೂ ಉಳಿದಿದ್ದರೆ.

ಹಾಗಾದರೆ ನಾನು ಯಾವುದನ್ನು ಹೇಳುತ್ತೇನೆ? ಅರವತ್ತು ದಾಟಿದವರಿಗೆ ಹಿಂದೆ ಪಟ್ಟಿ ಇರುವ, ರಬ್ಬರ್ ತಳದ ಸ್ಯಾಂಡಲ್. ನೀರು ಒಳಗೆ ನಿಲ್ಲುವುದಿಲ್ಲ, ಗುಡಿಯ ಬಾಗಿಲಲ್ಲಿ ಬಿಚ್ಚಿ ಹಾಕಲು ಸುಲಭ, ಕಾಲಿಂದ ಕಳಚಿ ಬೀಳುವುದಿಲ್ಲ. ಬಾಟಾ, ಪ್ಯಾರಗಾನ್, ಸ್ಪಾರ್ಕ್ಸ್ ಯಾವ ಹೆಸರಾದರೂ ಆಗಲಿ, ಒಂದೇ ಕಂಪನಿಯಲ್ಲೇ ಒಳ್ಳೆಯ ತಳವೂ ಇರುತ್ತದೆ, ಜಾರುವ ತಳವೂ ಇರುತ್ತದೆ. ಬೆಟ್ಟ ಹತ್ತುವ ಗಟ್ಟಿ ಕಾಲಿನವರಿಗೆ ಶೂ ಬೇಕು. ಸಹ್ಯಾದ್ರಿಯಲ್ಲಿ ಅಲೆಯುವ ಮರಾಠಿ ಹುಡುಗರು ವರ್ಷಾನುಗಟ್ಟಲೆ ಆ್ಯಕ್ಷನ್ ಟ್ರೆಕ್ಕಿಂಗ್ ಎಂಬ ಕಡಿಮೆ ಬೆಲೆಯ ಜೋಡಿಯನ್ನು ನಂಬಿ ಬಂದಿದ್ದಾರೆ. ನೋಡಲು ಸಾದಾ, ಆದರೆ ಕಲ್ಲಿನ ಮೇಲೆ ಅದರ ತಳ ಹಿಡಿಯುತ್ತದೆ. ಕೊಳ್ಳುವಾಗ ಸಂಜೆ ಹೊತ್ತು ಹೋಗಿ, ಹಗಲೆಲ್ಲ ಓಡಾಡಿದ ಕಾಲು ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಬೆರಳ ಮುಂದೆ ಒಂದಿಷ್ಟು ಜಾಗ ಇರಲಿ, ಇಳಿಯುವಾಗ ಬೆರಳು ಮುಂದಕ್ಕೆ ಒತ್ತುತ್ತವೆ. ಹೊಸ ಸೋಲಿನ ಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ, ಒಂದು ವಾರ ಊರಲ್ಲಿ ಹಾಕಿ ನಡೆದರೆ ಅದು ಹೋಗುತ್ತದೆ. ಕೋಲು ಹಿಡಿಯುವವರು ಅದರ ತುದಿಯ ರಬ್ಬರ್ ಟೊಪ್ಪಿಗೆಯನ್ನೂ ಹೊಸದು ಹಾಕಿಸಿ. ಛತ್ರಿ ಬೇಡ, ರೇನ್‌ಕೋಟು ಇರಲಿ, ಎರಡೂ ಕೈ ಖಾಲಿ ಬೇಕು.

ಇಷ್ಟಾದರೂ ದೇವರ ಮುಂದೆ ಪಾದರಕ್ಷೆ ಬಿಡಲೇಬೇಕಲ್ಲ. ಅನೇಕರು ಶ್ರಾವಣದ ಮೂರನೇ ಸೋಮವಾರ ಬ್ರಹ್ಮಗಿರಿಯ ಸುಮಾರು 20 ಕಿ.ಮೀ. ಪ್ರದಕ್ಷಿಣೆಯನ್ನೇ ಬರಿಗಾಲಲ್ಲಿ ಮಾಡುತ್ತಾರೆ. ಅದು ಅವರವರ ಹರಕೆ, ಬೇಡವೆನ್ನಲು ನಾನು ಯಾರು. ಒರಟು ಕಲ್ಲಿನ ಮೇಲೆ ಬರಿಪಾದ ಚೆನ್ನಾಗಿಯೇ ಹಿಡಿಯುತ್ತದೆ, ಬೆರಳುಗಳು ನೆಲ ಹುಡುಕುತ್ತವೆ. ಪಾಚಿಯ ಮೇಲೆ, ಎಣ್ಣೆ-ತುಪ್ಪ-ಹಾಲು ಚೆಲ್ಲಿದ ಘಾಟಿನ ಮೇಲೆ ಬರಿಪಾದವೂ ಸೋಲುತ್ತದೆ. ಚಳಿಗೆಂದು ಕಾಲುಚೀಲ ಹಾಕಿ ಗುಡಿಯೊಳಗೆ ನಡೆಯುವುದು ಎಲ್ಲಕ್ಕಿಂತ ಅಪಾಯ. ಕಾಲುಚೀಲವನ್ನು ಚಪ್ಪಲಿಯ ಜೊತೆಗೇ ಬಿಡಿ.

ನಾಸಿಕದ ರಾಮಕುಂಡಕ್ಕೆ ಇಳಿಯುವಾಗ ಇನ್ನೊಂದು ಗಮನಿಸಿ. ಗಂಗಾಪುರ ಅಣೆಕಟ್ಟೆಯಿಂದ ನೀರು ಬಿಟ್ಟರೆ ಗೋದಾವರಿ ಏರುತ್ತದೆ. ರಾಮಕುಂಡದ ಬಳಿಯ ದುತೊಂಡ್ಯಾ ಮಾರುತಿಯ ದೊಡ್ಡ ಮೂರ್ತಿಯ ಮೊಣಕಾಲಿಗೆ ನೀರು ಬಂತೋ, ಸೊಂಟಕ್ಕೆ ಬಂತೋ ಎಂದು ನೋಡಿ ಊರವರು ಹೊಳೆಯ ಮಟ್ಟ ಹೇಳುತ್ತಾರೆ. ನೀರು ಇಳಿದ ಮರುದಿನ ಜನ ನಿರಾಳವಾಗಿ ಘಾಟಿಗೆ ಬರುತ್ತಾರೆ. ನಿಜವಾದ ಜಾರು ಇರುವುದು ಆವತ್ತು. ಹೊಳೆ ಬಿಟ್ಟುಹೋದ ನುಣುಪು ಗೋಡು ಪ್ರತಿ ಮೆಟ್ಟಿಲ ಮೇಲೂ ಸವರಿದಂತೆ ಕೂತಿರುತ್ತದೆ. ತೊಳೆದ ಜಾಗದಲ್ಲಿ, ಸರಪಳಿಯೋ ಕಂಬಿಯೋ ಇರುವಲ್ಲಿ ಮಾತ್ರ ಇಳಿಯಿರಿ.

ಜನಸಂದಣಿಯಲ್ಲಿ ಒಬ್ಬರು ಜಾರಿದರೆ ಅದು ಒಬ್ಬರ ಬೀಳುವಿಕೆಯಾಗಿ ಉಳಿಯುವುದಿಲ್ಲ. 2003ರ ಆಗಸ್ಟ್ 27ರಂದು ಇದೇ ನಾಸಿಕದ ಸಿಂಹಸ್ಥದಲ್ಲಿ, ರಾಮಕುಂಡದ ಕಡೆ ಇಳಿಯುವ ಇಕ್ಕಟ್ಟಾದ ಓಣಿಯಲ್ಲಿ ನೂಕುನುಗ್ಗಲಾಗಿ 39 ಜನ ಸತ್ತರು. ಹವಾಯಿ ಚಪ್ಪಲಿ ಬೇಡ ಎಂದು ಊರಿಂದ ಬಂದವರಿಗೆ ನಾನು ಪದೇ ಪದೇ ಹೇಳುವುದು ಹಿಡಿತಕ್ಕಾಗಿ ಮಾತ್ರ ಅಲ್ಲ. ಹಿಂದಿನವರು ಅದರ ತುದಿ ತುಳಿಯುತ್ತಾರೆ, ಉಂಗುಷ್ಠದ ಪಟ್ಟಿ ಕಿತ್ತುಬರುತ್ತದೆ, ನಾವು ಎತ್ತಿಕೊಳ್ಳಲು ಬಗ್ಗುತ್ತೇವೆ. ಗುಂಪಿನಲ್ಲಿ ಬಗ್ಗಬಾರದು. ಚಪ್ಪಲಿ ಹೋದರೆ ಹೋಗಲಿ, ತಿರುಗಿ ನೋಡದೆ ಮುಂದೆ ನಡೆಯಿರಿ. ಮನೆಯ ಹಿರಿಯರಿಗೆ ಇದನ್ನು ಮುಂಚೆಯೇ ಹೇಳಿಡಿ, ಆ ಕ್ಷಣದಲ್ಲಿ ಹೇಳಲು ಆಗುವುದಿಲ್ಲ.

ಸಂಭಾಜಿನಗರದ ಕಡೆ ಮಳೆ ಕಡಿಮೆ, ಆದರೆ ಮಣ್ಣು ಎರೆಮಣ್ಣು. ಅದು ಸೋಲಿನ ಗೀರುಗಳಲ್ಲಿ ತುಂಬಿಕೊಂಡರೆ ಎಷ್ಟು ಒಳ್ಳೆಯ ತಳವಾದರೂ ಸಪಾಟಾಗಿಬಿಡುತ್ತದೆ. ವೇರೂಳದ ಮೆಟ್ಟಿಲು ಹತ್ತುವ ಮೊದಲು ಕಡ್ಡಿಯಿಂದ ಗೀರು ಕೆದಕಿ, ಹುಲ್ಲಿಗೆ ತಿಕ್ಕಿ. ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸನಾಥ, 16ನೇ ಗುಹೆ, ಮೇಲಿಂದ ಕೆಳಕ್ಕೆ ಕಡಿದ ಬೆಟ್ಟ. ನಮ್ಮವರು ಕತ್ತೆತ್ತಿ ನೋಡುತ್ತ ನೋಡುತ್ತ ನಡೆಯುತ್ತಾರೆ, ಕಾಲಡಿಯ ನೀರು ನಿಂತ ತಗ್ಗು ಕಾಣುವುದಿಲ್ಲ. ನೋಡುವಾಗ ನಿಲ್ಲಿ, ನಡೆಯುವಾಗ ನೆಲ ನೋಡಿ. ಜಲಪಾತದ ಪಕ್ಕದ 29ನೇ ಗುಹೆಯ ದಾರಿ ಮಳೆಯಲ್ಲಿ ಯಾವಾಗಲೂ ಹಸಿ. ಅಜಂತಾದ ಚಿತ್ರವಿರುವ ಗುಹೆಗಳಲ್ಲಿ ಚಪ್ಪಲಿ ಬಿಟ್ಟು ಮತ್ತೆ ಹಾಕುವುದು ನಡೆದೇ ಇರುತ್ತದೆ, ಅಲ್ಲಿ ಲೇಸು ಕಟ್ಟುವ ಶೂಗಿಂತ ಪಟ್ಟಿಯ ಸ್ಯಾಂಡಲ್ಲೇ ಸುಖ. ದೇವಗಿರಿ ಕೋಟೆಯ ಅಂಧೇರಿ ಎಂಬ ಕತ್ತಲ ಸುರಂಗದಾರಿಯಲ್ಲಿ ಬಾವಲಿಗಳ ಹಿಕ್ಕೆಯೂ ಸೋರುವ ನೀರೂ ಸೇರಿ ನೆಲ ಜಿಡ್ಡಾಗಿರುತ್ತದೆ. ಮೊಣಕಾಲು ನೋವಿನವರು ಕೋಟೆಯ ಕೆಳಭಾಗ ನೋಡಿ ಅಲ್ಲಿಗೇ ಮುಗಿಸಿ.

ಬಸ್ಸಿನಲ್ಲಿ ಜೊತೆಗೆ ಬರುವ ಮೊಮ್ಮಕ್ಕಳು ಇಲ್ಲಿನ ಹರಿಹರ ಗಡ ಎಂಬ ಬೆಟ್ಟಕೋಟೆಯ ವಿಡಿಯೊ ನೋಡಿಯೇ ಬಂದಿರುತ್ತಾರೆ. ಏಣಿಯಂತೆ ನಿಂತ ಬಂಡೆಮೆಟ್ಟಿಲು, ಕೈಬೆರಳು ಸಿಕ್ಕಿಸಲು ಕೊರೆದ ಗುಳಿಗಳು. ಮಳೆಗಾಲದ ವಾರಾಂತ್ಯಗಳಲ್ಲಿ ಅಲ್ಲಿ ಹತ್ತುವವರೂ ಇಳಿಯುವವರೂ ಅದೇ ಕಿರುದಾರಿಯಲ್ಲಿ ಎದುರುಬದುರಾಗುತ್ತಾರೆ. ಅಲ್ಲಿ ಯಾವ ಬೂಟೂ ಕಾಯುವುದಿಲ್ಲ. ಮಳೆ ಮುಗಿದ ಮೇಲೆ ಬೇರೆಯೇ ಬರಲಿ.

ಸಂಘಟಕರೇ, ಈ ಕೊನೆಯ ಮಾತು ನಿಮಗೆ. ಬಸ್ಸು ನಿಲ್ಲಿಸಿ "ಚಪ್ಪಲಿ ಇಲ್ಲೇ ಬಿಟ್ಟು ಇಳೀರಿ, ಕಳೀತಾವು" ಎಂದು ಕೂಗುವ ರೂಢಿಯನ್ನು ಬಿಡಿ. ನಿಲ್ದಾಣದಿಂದ ಗುಡಿಯವರೆಗಿನ ರಸ್ತೆ, ನುಣುಪು ಟೈಲ್ಸಿನ ಫುಟ್‌ಪಾತು, ಅಂಗಡಿಗಳ ಮುಂದಿನ ಕೆಸರು ಎಲ್ಲವನ್ನೂ ಎಪ್ಪತ್ತರ ಅಜ್ಜಿ ಬರಿಗಾಲಲ್ಲಿ, ಮಳೆಯಲ್ಲಿ, ಗುಂಪಿನ ಹಿಂದೆ ಓಡುತ್ತ ದಾಟಬೇಕಾಗುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಬಟ್ಟೆಚೀಲ ಕೊಡಿ, ಪಾದರಕ್ಷೆ ಗುಡಿಯ ಬಾಗಿಲವರೆಗೂ ಕಾಲಲ್ಲಿ ಇರಲಿ, ಒಳಗೆ ಹೋಗುವಾಗ ಚೀಲದಲ್ಲಿಟ್ಟು ಹೊರಗಿನ ಸ್ಟ್ಯಾಂಡಿಗೆ ಕೊಡಲಿ. ಮೂರು ದಿನದಲ್ಲಿ ಒಂಬತ್ತು ಊರು ಎಂಬ ಪಟ್ಟಿಯಿಂದ ಎರಡನ್ನಾದರೂ ತೆಗೆಯಿರಿ. ಜನ ಬೀಳುವುದು ಅವಸರದ ಹೆಜ್ಜೆಯಲ್ಲಿ, ಅದರಲ್ಲೂ ದರ್ಶನ ಮುಗಿಸಿ ಬಸ್ಸಿಗೆ ಮರಳುವಾಗ. ವಣಿಯ ಸಪ್ತಶೃಂಗಿಗೆ ಹೋಗುವುದಾದರೆ 2018ರಿಂದ ಅಲ್ಲಿ ಹಳಿಯ ಮೇಲಿನ ಟ್ರಾಲಿ ಇದೆ, ಅದರ ಟಿಕೆಟ್ಟನ್ನು ಯಾತ್ರೆಯ ಹಣದಲ್ಲೇ ಸೇರಿಸಿಬಿಡಿ. ಬೇರೆ ಕೊಡಬೇಕೆಂದರೆ ಹಿರಿಯರು ಖರ್ಚಿಗೆ ಹಿಂಜರಿದು ಮೆಟ್ಟಿಲನ್ನೇ ಹಿಡಿಯುತ್ತಾರೆ. ಹೆಸರು ಬರೆಸಿಕೊಳ್ಳುವಾಗ ಆಧಾರ್ ನಕಲು, ಫೋಟೊ ಕೇಳುತ್ತೀರಲ್ಲ, ಹಾಗೇ ಹೊರಡುವ ತಿಂಗಳ ಸಭೆಯಲ್ಲಿ ಪ್ರತಿಯೊಬ್ಬರ ಪಾದರಕ್ಷೆಯ ತಳವನ್ನೂ ತಿರುಗಿಸಿ ನೋಡಿ. ಕೈಯಲ್ಲಿ ಒಂದು ಪೆನ್ಸಿಲ್ ಸೆಲ್ ಇರಲಿ.

ಊರಲ್ಲಿ ಮಳೆ ಬಿದ್ದಾಗಲೇ, ಹಾಕಿಕೊಂಡು ಬರಬೇಕೆಂದಿರುವ ಜೋಡಿಯನ್ನು ಹಾಕಿ, ಒದ್ದೆಯಾದ ಗುಡಿಕಟ್ಟೆ, ಕೆರೆದಂಡೆಯ ಮೆಟ್ಟಿಲುಗಳ ಮೇಲೆ ನಿಧಾನವಾಗಿ ಇಳಿದು ನೋಡಿ. ಜಾರಿದರೆ ಬದಲಿಸಲು ಆಗ ನಿಮ್ಮ ಕೈಯಲ್ಲಿ ಸಮಯವಿರುತ್ತದೆ. ತ್ರ್ಯಂಬಕಕ್ಕೆ ಬಂದ ಮೇಲೆ ಇರುವುದಿಲ್ಲ.

ಇಂತಿ ನಿಮ್ಮವ,
ನಾಸಿಕದಲ್ಲಿ ನೆಲೆಸಿದ ಒಬ್ಬ ಕನ್ನಡಿಗ